ಮೂಕಿಯ ಮೇಲೆ ಕೂತವನು

ತಣ್ಣಗಿದೆ, ಕಬ್ಬಿಣ, ಪ್ಯಾಂಟಿನ ಬಟ್ಟೆ ದಾಟಿ ತೊಡೆಗೆ ಹತ್ತುತ್ತಿದೆ, ಅಂಗಳದ ಅರ್ಧಕ್ಕೆ ಬಿಸಿಲು ಬಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ನನ್ನ ಮೊಣಕಾಲು ಮುಟ್ಟೀತು, ಆದರೆ ಕೂತ ಜಾಗ ಬೆಚ್ಚಗಾಗುವ ಲಕ್ಷಣವಿಲ್ಲ — ಅಲುಗಾಡ್ಬೇಡ ಅಂದ್ನಲ್ಲೋ ಕಡ್ಡಿ, ಕುಂಡೆಗೇನು ಮುಳ್ಳು ಚುಚ್ತಾ ಇದೆಯಾ — ಇಲ್ಲ ಭಾವ, ಸುಮ್ನೆ ಕೂತಿದ್ದೀನಿ. ಬಾಯಲ್ಲಿ ಭಾವ, ನೀವು, ಹೂಂ, ಆಯ್ತು. ಒಳಗೆ ಅವನು, ಬರೀ ಅವನು, ಅಕ್ಕನನ್ನು ಕಟ್ಟಿಕೊಂಡವನು. ಟ್ರೈಲರಿನ ಬಾಲದ ಕೆಳಗೆ ಅಂಗಾತ ಮಲಗಿದ್ದಾನೆ, ಆಕ್ಸಲ್ಲಿನ ಕೆಳಗಿನ ಸಂದಿಯಿಂದ ಅವನ ನೆತ್ತಿ ಕಾಣುತ್ತದೆ, ಬೆವರಿಗೆ ಅಂಟಿದ ಕೂದಲು, ಸೀಮೆಸುಣ್ಣ ಹಿಡಿದ ಕೈ, ಬೋಲ್ಟು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಕೆಳಗಿನಿಂದ ಗುರುತು ಹಾಕುತ್ತಿದ್ದಾನೆ, ಅವನ ಎದೆಯ ಮೇಲೆ ಒಂದು ಗೇಣು ಗಾಳಿ, ಗಾಳಿಯ ಮೇಲೆ ಟ್ರೈಲರಿನ ಕೊನೆಯ ಅಡ್ಡಪಟ್ಟಿ, ಅದರ ಮೇಲೆ ಸೈನ್ಯದವರು ಬೇಡವೆಂದು ಹರಾಜು ಹಾಕಿದ ಹಸಿರು ಜನರೇಟರ್, ಒಂದು ಟನ್ನಿಗೂ ಮೇಲೆ, ಒಂದೇ ಒಂದು ಬೋಲ್ಟೂ ಬಿಗಿದಿಲ್ಲ, ಎರಡು ಪೈಪುಗಳ ಮೇಲೆ ಸುಮ್ಮನೆ ಕೂತಿದೆ. ಅದೆಲ್ಲ ಅವನ ಮೇಲೆ ಬೀಳದೆ ನಿಂತಿರುವುದು ಈ ಕಡೆಯ ತುದಿಯಲ್ಲಿ ನಾನು ಕೂತಿರುವುದರಿಂದ, ಐವತ್ತೆಂಟು ಕಿಲೋ ನಾನು. ಎದ್ದರೆ ಅವನು ಸಾಯುತ್ತಾನೆ.

ಅಪ್ಪನ ಪದ್ಧತಿ ಇದು, ಈ ಶೆಡ್ಡು ಬಿಟ್ಟರೆ ಬೇರೆಲ್ಲೂ ಯಾರೂ ಹೀಗೆ ತೂಗುವುದಿಲ್ಲ, ಮೂಕಿ ಅಂದರೆ ಟ್ರೈಲರಿನ ಮುಂದೆ ಚಾಚಿದ ತೊಲೆ, ಎಳೆಯುವ ಗಾಡಿಗೆ ಸಿಕ್ಕಿಸುವ ಕಡೆ, ಅದರ ಕೆಳಗೊಂದು ಹಳೆಯ ಟೈರು ಇಡಬೇಕು, ಒಬ್ಬರು ಮೇಲೆ ಕೂರಬೇಕು, ಪಾದ ನೆಲಕ್ಕೆ ತಾಗ್ಬೇಕು ಕಣೋ ಊರಬಾರ್ದು, ಊರಿದ್ರೆ ಅರ್ಧ ತೂಕ ನೆಲ ತಿಂದ್ಬಿಡುತ್ತೆ, ಮೇಲಿನ ಭಾರವನ್ನು ಹಾರೆಯಿಂದ ಮೀಟಿ ಹಿಂದೆ ಮುಂದೆ ಸರಿಸಿದ ಹಾಗೆ ಟೈರು ಅಮುಕುತ್ತದೆ, ಉಬ್ಬುತ್ತದೆ, ಕೂತವನಿಗೆ ಮೈಯಲ್ಲೇ ಗೊತ್ತಾಗುತ್ತದೆ. ಮುಂಭಾರ ಹೆಚ್ಚಾದರೆ ಎಳೆಯುವ ಗಾಡಿಯ ಸೊಂಟ ಮುರಿಯುತ್ತದೆ, ಹಿಂಭಾರವಾದರೆ ಟ್ರೈಲರ್ ರಸ್ತೆಯಲ್ಲಿ ಬಾಲ ಬೀಸಿ ಗಾಡಿಯನ್ನೇ ಮಗುಚಿ ಹಾಕುತ್ತದೆ, ಎರಡೂ ಆಗದ ಹಾಗೆ ಜಾಗ ಹುಡುಕಬೇಕು. ಹುಡುಕಿದ ಮೇಲೆ ಬಾಲಕ್ಕೆ ಎರಡು ಸ್ಟ್ಯಾಂಡು ಕೊಟ್ಟೇ ಅಪ್ಪ ಕೆಳಗೆ ಹೋಗುತ್ತಿದ್ದ. ಇವನು ಅಪ್ಪನಿಂದ ಕಲಿತದ್ದು ಅರ್ಧ, ಕೂರಿಸುವುದನ್ನು ಕಲಿತ, ಸ್ಟ್ಯಾಂಡು ಕೊಡುವುದನ್ನು ಬಿಟ್ಟ, ಕಡ್ಡಿ ಕೂತಿದ್ದಾನಲ್ಲ ಸ್ಟ್ಯಾಂಡು ಯಾಕೆ, ಕಡ್ಡಿಗೆ ಬೇರೇನು ಕೆಲಸ. ಒಂದು ದಿನ ಅಪ್ಪ ಅಕ್ಕನನ್ನೂ ನನ್ನನ್ನೂ ಕರೆದು ನಿಲ್ಲಿಸಿ, ಬಾಲದ ಕೆಳಗೆ ಖಾಲಿ ಎಣ್ಣೆ ಡ್ರಮ್ಮೊಂದನ್ನು ಉರುಳಿಸಿಟ್ಟು, ಮೂಕಿಯ ಮೇಲೆ ಕೂತು ಸ್ಟ್ಯಾಂಡು ತೆಗೆಸಿ, ನೋಡ್ಕೊಳ್ಳಿ ಇಬ್ರೂ ಅಂತ ಹೇಳಿ ಮೂಕಿಯಿಂದ ಎದ್ದ, ಅಷ್ಟೇ, ಬರೀ ಎದ್ದ — ಭೂಮಿ ಒಮ್ಮೆ ಕೆಮ್ಮಿತು, ಮುಚ್ಚಳ ಚಿಮ್ಮಿ ಗೋಡೆಗೆ ಬಡಿಯಿತು, ಡ್ರಮ್ಮು ಇದ್ದ ಜಾಗದಲ್ಲಿ ಒಂದು ತಗಡು, ನಾನು ಚಡ್ಡಿ ಒದ್ದೆ ಮಾಡಿಕೊಂಡೆ, ಅಕ್ಕ ಹತ್ತಿರ ಹೋಗಿ ಆ ತಗಡನ್ನು ಕಾಲಿನಿಂದ ಮುಟ್ಟಿ ನೋಡಿ, ಅಪ್ಪಾ ಇನ್ನೊಂದ್ಸಲ ಮಾಡು ಅಂದಳು. ಅಪ್ಪ ನಕ್ಕು ನಕ್ಕು ಕೆಮ್ಮಿದ. ಅವಳಿಗೆ ಆಗ ಹದಿಮೂರೋ ಹದಿನಾಲ್ಕೋ.

ಏ, ಎಲ್ಲೇ ಇದ್ದೀಯ, ಟ್ಯಾಂಕ್ ತುಂಬ್ಸು, ಕ್ವಾರಿಯವರು ಹನ್ನೊಂದಕ್ಕೆ ಬರ್ತಾರೆ, ಬಂದ ತಕ್ಷಣ ಸ್ಟಾರ್ಟ್ ಮಾಡಿ ತೋರಿಸ್ಬೇಕು, ಹಲ್ಲು ಕಿಸಿಯೋಕೆ ಟೈಮಿಲ್ಲ — ಕೆಳಗಿನಿಂದ ಕೂಗುತ್ತಿದ್ದಾನೆ, ಯಾರೂ ಹಲ್ಲು ಕಿಸಿದಿಲ್ಲ, ಅಕ್ಕ ಆಗಲೇ ಗೋಡೆಯ ಬದಿಯಿಂದ ಡೀಸೆಲ್ ಕ್ಯಾನು ಎತ್ತಿಕೊಂಡು ಬರುತ್ತಿದ್ದಾಳೆ, ಇಪ್ಪತ್ತು ಲೀಟರಿನದು, ಬಲಗೈಯಲ್ಲಿ ಅದರ ಹಿಡಿ, ಎಡಗೈಯನ್ನು ಮೊಣಕೈವರೆಗೆ ಕೆಳಗೆ ಕೊಟ್ಟು ಮಗುವನ್ನು ಎತ್ತಿದ ಹಾಗೆ. ಎಡಗೈಯ ಎರಡು ಬೆರಳು ಸೇರಿಸಿ ಕರೆಂಟು ತಂತಿಗೆ ಸುತ್ತುವ ಕಪ್ಪು ಟೇಪು ಸುತ್ತಿಕೊಂಡಿದ್ದಾಳೆ, ಟೇಪಿನ ಆಚೆ ಇಣುಕುವ ಉಗುರುಗಳು ನೀಲಿ. ಜನರೇಟರಿನ ಟ್ಯಾಂಕು ಹಿಂದುಗಡೆ, ತೀರಾ ಕೊನೆಯಲ್ಲಿ, ಸೈನ್ಯದವರು ಯಾಕೆ ಹಾಗೆ ಕಟ್ಟಿದರೋ, ಪಕ್ಕದ ಬಾಗಿಲಿನಲ್ಲಿ ಮೂರು ತೂತು ಇವೆ, ಹೆಬ್ಬೆರಳು ಹೋಗುವಷ್ಟು, ಅಂಚು ಒಳಕ್ಕೆ ಬಾಗಿವೆ, ಗುಂಡು ಹೊರಗಿನಿಂದ ಬಂದಿದೆ ಅಂತ ಅರ್ಥ, ಆ ಬಾಗಿಲಿಗೆ ಬೆನ್ನು ಕೊಟ್ಟು ಯಾವನಾದರೂ ನಿಂತಿದ್ದನೋ, ಒರಗಿ ಬೀಡಿ ಸೇದುತ್ತಿದ್ದನೋ, ತೊಳೆದು ಕೊಟ್ಟಿದ್ದಾರೆ, ರಕ್ತ ಗಿಕ್ತ ಏನೂ ಇಲ್ಲ. ಅಕ್ಕ ಆಲಿಕೆ ಇಟ್ಟಳು, ಕ್ಯಾನು ಬಗ್ಗಿಸಿದಳು, ಗುಳು ಗುಳು ಗುಳು, ಡೀಸೆಲಿನ ವಾಸನೆ. ಒಂದು. ನನ್ನ ಕೆಳಗಿನ ಟೈರು ಚೂರೇ ಚೂರು ಉಬ್ಬಿತು, ಬೇರೆ ಯಾರಿಗೂ ಗೊತ್ತಾಗುವಷ್ಟಲ್ಲ.

ಅಯ್ಯೋ. ಟ್ಯಾಂಕು ಖಾಲಿ ಇಟ್ಟು ತೂಗಿದ್ದೇವೆ, ಬೆಳಿಗ್ಗೆ ಮೂರು ಗಂಟೆ ಕಾಲ ಮೀಟಿ ಮೀಟಿ ಹುಡುಕಿದ ಜಾಗ ಖಾಲಿ ಟ್ಯಾಂಕಿನ ಜಾಗ, ಇದು ನನಗೆ ಗೊತ್ತಿತ್ತು, ಅಕ್ಕನಿಗೆ ನನಗಿಂತ ಮೊದಲೇ ಗೊತ್ತಿತ್ತು, ಮೊನ್ನೆ ಕ್ವಾರಿಯವರು ನೋಡಲು ಬಂದಾಗ ಎಲ್ಲರ ಮುಂದೆ ಅದನ್ನೇ ಹೇಳಿದಳು, ಟ್ಯಾಂಕ್ ತುಂಬ್ಸಿ ತೂಗ್ಬೇಕು ರೀ, ಡೀಸೆಲ್ ಬಿದ್ಮೇಲೆ ಹಿಂಭಾರ ಆಗುತ್ತೆ, ಮೆತ್ತಗೆ ಹೇಳಿದಳು, ಕ್ವಾರಿಯ ದಪ್ಪ ಮನುಷ್ಯ ನಕ್ಕು, ಏನ್ರೀ ನಿಮ್ಮ ಮನೆಯವರೇ ಮೇಸ್ತ್ರಿ ಅನ್ನಿ ಅಂದ, ಇವನೂ ನಕ್ಕ, ಅವರ ಗಾಡಿ ಗೇಟು ದಾಟುವವರೆಗೂ ನಗುತ್ತಲೇ ಇದ್ದ. ಆಮೇಲೆ ಅವಳ ಕೈ ಹಿಡಿದು ಬೆಂಚಿನ ಹತ್ತಿರ ಎಳೆದುಕೊಂಡು ಹೋದ. ಬೆಂಚಿನ ಮೇಲೆ ವೈಸು ಇದೆ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಎರಡು ದವಡೆ, ತಿರುಗಿಸಲು ಒಂದು ಹಿಡಿ, ಹಿಡಿ ತಿರುಗಿದಾಗಲೆಲ್ಲ ಠಣ್ ಅನ್ನುತ್ತದೆ. ಡೀಸೆಲ್ ಭಾರ ಅಂತೀಯಾ, ಹೇಳು, ಭಾರನಾ, ಠಣ್, ಇನ್ನೊಂದ್ಸಲ ಜನರ ಮುಂದೆ ಬಾಯಿ ಬಿಡ್ತೀಯಾ, ಠಣ್, ನಾನು ಹೇಳಿದಷ್ಟು ಮಾಡು, ಅದಕ್ಕಿಂತ ಒಂದು ಕೂದಲು ಜಾಸ್ತಿ ಬೇಡ, ಕಡಿಮೆನೂ ಬೇಡ. ಅವಳು ಕೂಗಲಿಲ್ಲ, ಒಂದು ಸಲ ಮಾತ್ರ ಒಳಗಿನಿಂದ ಏನೋ ಬಂತು, ಕಾಲಡಿ ಸಿಕ್ಕ ನಾಯಿಮರಿಯ ದನಿ. ನಾನು ಐದು ಹೆಜ್ಜೆ ದೂರದಲ್ಲಿದ್ದೆ. ಕಬ್ಬಿಣ ತೇಯುವ ಗ್ರೈಂಡರ್ ನನ್ನ ಕೈಯಲ್ಲಿತ್ತು, ಆರಿಸಲಿಲ್ಲ, ಇನ್ನೂ ಜೋರಾಗಿ ಒತ್ತಿದೆ, ಕಿಡಿ ಹಾರಿದವು, ಕೇಳಿಸಲಿಲ್ಲ ಅಂತ ಹೇಳಿಕೊಳ್ಳಲು ಅಷ್ಟು ಸದ್ದು ಸಾಕಿತ್ತು. ನಯ ಮಾಡಬೇಕಾಗಿದ್ದ ಅಂಚು ತಗ್ಗಾಗುವವರೆಗೂ ತೇಯ್ದೆ.

ಎರಡು. ಅವಳು ಖಾಲಿ ಕ್ಯಾನನ್ನು ಗೋಡೆಯ ಬದಿಗಿಟ್ಟು ಮುಂದಿನದನ್ನು ಎತ್ತಿಕೊಂಡಳು, ಹೋಗುವಾಗಲೂ ಬರುವಾಗಲೂ ಒಂದೇ ನಡಿಗೆ, ಅವಸರವಿಲ್ಲ. ಎಷ್ಟು ಸಲ ಕೊಂದಿದ್ದೇನೆ ಇವನನ್ನು, ಹಲ್ಲುಜ್ಜುತ್ತಾ ಕೊಂದಿದ್ದೇನೆ, ಊಟಕ್ಕೆ ಕೂತು ಇವನ ತಟ್ಟೆಯ ಹತ್ತಿರಕ್ಕೆ ನೀರಿನ ಲೋಟ ಸರಿಸುತ್ತಾ ಕೊಂದಿದ್ದೇನೆ, ಹಾರೆಯಿಂದ ಮೊದಲು ಮೊಣಕಾಲು, ಬಿದ್ದ ಮೇಲೆ ಮೊಣಕೈ, ಕೀಲು ಕೀಲು ಬೇರೆ ಮಾಡಿ, ಆ ಚಿಪ್ಪು ಒಡೆಯುವ ಸದ್ದು ಕಿವಿಯಲ್ಲಿ ಬಾಯಿಪಾಠ, ಚೈನು ಕತ್ತಿಗೆ ಸುತ್ತಿ ರಾಟೆಯಿಂದ ನಿಧಾನ ಎತ್ತಿದ್ದೇನೆ, ಗ್ರೈಂಡರಿನ ಚಕ್ರ ಆ ನಗುವ ಬಾಯಿಗೆ ಹಿಡಿದು ಹಲ್ಲು ಕಿಡಿಯಾಗಿ ಹಾರುವುದನ್ನು ನೋಡಿದ್ದೇನೆ, ಕೊಂದು ಕೊಂದು ಸುಸ್ತಾಗಿ ಬೆಳಿಗ್ಗೆ ಎದ್ದು ಭಾವ ಟೀ ತರ್ಲಾ ಅಂದಿದ್ದೇನೆ. ಇವತ್ತು ಕೊಲ್ಲಲು ಏನೂ ಬೇಡ, ಹಾರೆ ಬೇಡ, ಚೈನು ಬೇಡ, ಕಾಲು ನೆಲಕ್ಕೆ ಊರಿ ಒಮ್ಮೆ ಎದ್ದರೆ ಸಾಕು, ಮೂತ್ರಕ್ಕೆ ಎದ್ದೆ ಅನ್ನಬಹುದು, ಕಾಲು ಜೋಮು ಹಿಡಿಯಿತು ಅನ್ನಬಹುದು, ಯಾರು ಏನು ಕೇಳುತ್ತಾರೆ. ಬೆಳಗಿನಿಂದ ಇದೊಂದೇ ಯೋಚನೆ, ಏಳು, ಏಳೋ, ಏಳೋ ಹೇಡಿ, ಆದರೂ ತೊಡೆಗಳು ಕಬ್ಬಿಣಕ್ಕೆ ಬೆಸುಗೆ ಹಾಕಿದ ಹಾಗೆ ಅಂಟಿ ಕೂತಿವೆ. ಮೂರು, ಗುಳು ಗುಳು, ಆಲಿಕೆಯ ಅಂಚಿನಿಂದ ಒಂದು ಹನಿ ಚೆಲ್ಲಿತು, ಅಕ್ಕ ಸೆರಗಿನಲ್ಲಿ ಒರೆಸಿದಳು.

ಯಾಕೋ ಕಡ್ಡಿ, ಮೇಲೆ ಕೆಳಗೆ ಕುಣಿತಾ ಇದ್ದೀಯಾ, ಪಟ್ಟಿ ಕೆಳಗೆ ಬಂದಂಗಾಯ್ತು — ಇಲ್ಲ ಭಾವ — ಇಲ್ಲ ಅಂತೆ, ಹೊರಗೆ ಬಂದ್ರೆ ಎದೆ ಮೇಲೆ ಕೂತ್ಕೋತೀನಿ ನೋಡು. ನಗುತ್ತಾನೆ, ತನ್ನ ಮಾತಿಗೆ ತಾನೇ ನಗುವ ಅಭ್ಯಾಸ. ಅವನಿಗೆ ಗೊತ್ತಾಗಿದೆ, ಗೊತ್ತಾಗಿಲ್ಲ, ತೂಕ ಬದಲಾಗಿದ್ದು ಗೊತ್ತಾಯಿತು, ಬದಲಾಯಿಸಿದ್ದು ಯಾವುದು ಅಂತ ಗೊತ್ತಾಗಲಿಲ್ಲ, ಡೀಸೆಲಿಗೆ ಭಾರವಿಲ್ಲ ಅಂತ ವೈಸು ತಿರುಗಿಸಿ ಸಾಬೀತು ಮಾಡಿದ್ದಾನಲ್ಲ, ಇನ್ನು ಯಾರು ಬಾಯಿ ಬಿಡುತ್ತಾರೆ. ನಾಲ್ಕು. ಈಗ ಹಿಮ್ಮಡಿ ನೆಲ ಬಿಟ್ಟಿವೆ, ಮುಂಗಾಲಷ್ಟೇ ತಾಗುತ್ತಿದೆ, ಟೈರು ಮೊದಲಿನಷ್ಟು ಅಮುಕಿಲ್ಲ, ಅಕ್ಕನ ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾಳೆ. ಎಣಿಸುತ್ತಿದ್ದಾಳೆ! ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು, ಇದೇ ಶೆಡ್ಡಿನಲ್ಲಿ ನನ್ನನ್ನು ಖಾಲಿ ಟ್ರೈಲರಿನ ಮೂಕಿಯ ಮೇಲೆ ಕೂರಿಸಿ ಬಾಲದ ಮೇಲೆ ಒಂದೊಂದೇ ಇಟ್ಟಿಗೆ ಜೋಡಿಸುತ್ತಾ, ಇನ್ನು ನಾಲ್ಕಕ್ಕೆ ನೀನು ಮೇಲೆ ಹೋಗ್ತೀಯಾ ನೋಡು, ಅನ್ನುತ್ತಿದ್ದವಳು, ನಾಲ್ಕು ಅಂದರೆ ನಾಲ್ಕೇ, ಒಂದು ದಿನವೂ ತಪ್ಪಿದ್ದಿಲ್ಲ, ನಾನು ಕಿರುಚುತ್ತಾ ಗಾಳಿಗೆ ಏರುತ್ತಿದ್ದೆ. ಅವಳಿಗೆ ನನ್ನ ತೂಕ ಗೊತ್ತು. ಐವತ್ತೆಂಟೇ ಕಿಲೋ ಇದ್ದೀಯ ಕಣೋ ತಿನ್ನೋ, ಅಂತ ಬಡಿಸುವವಳು ಅವಳೇ. ಎಷ್ಟನೆಯ ಕ್ಯಾನಿಗೆ ನಾನು ಸಾಲದೆ ಹೋಗುತ್ತೇನೆ ಅಂತ ಗೋಡೆಯ ಬದಿಯಿಂದ ಮೊದಲನೆಯದನ್ನು ಎತ್ತುವಾಗಲೇ ಅವಳಿಗೆ ಗೊತ್ತಿರುತ್ತದೆ, ನನಗೂ ಗೊತ್ತು, ಏಳನೆಯದಕ್ಕೆ.

ಹಾಗಾದರೆ ಏಳುವುದು ಬಿಡುವುದು ನನ್ನ ಕೈಯಲ್ಲಿ ಇಲ್ಲವೇ ಇಲ್ಲ, ಬೆಳಗಿನಿಂದ ಯಾವುದನ್ನು ಹಿಡಿದು ಒದ್ದಾಡುತ್ತಿದ್ದೆನೋ ಅದನ್ನು ಅವಳು ಕ್ಯಾನಿನಲ್ಲಿ ಹೊತ್ತು ಹೊತ್ತು ಸುರಿಯುತ್ತಿದ್ದಾಳೆ. ಐದು. ಒಂದು ಕ್ಷಣ ತೊಡೆಗಳ ನಡುವೆ ಬಗ್ಗಿ ನೋಡಿದೆ, ಮೂಕಿಯ ಕಬ್ಬಿಣಕ್ಕೂ ಟೈರಿಗೂ ನಡುವೆ ಬೆಳಕು, ನೂಲಿನಷ್ಟು, ಕಂಡಿತು, ಮುಚ್ಚಿಕೊಂಡಿತು. ಉಸಿರು ಒಳಗೆ ಎಳೆದುಕೊಂಡದ್ದಕ್ಕೇ ಬಂದಿತೇನೋ. ಒಮ್ಮೆ ಗ್ರೈಂಡರಿನ ಪುಡಿ ನನ್ನ ಕಣ್ಣಿಗೆ ಹೊಕ್ಕು ಕುರುಡಾದೆ ಕುರುಡಾದೆ ಅಂತ ನೆಲದಲ್ಲಿ ಹೊರಳಾಡಿದಾಗ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಅಳ್ಬೇಡ್ವೋ ಕಡ್ಡಿ, ಕಣ್ಣು ಬಿಡು, ಅಂತ ರೆಪ್ಪೆ ಸರಿಸಿ, ತನ್ನ ನಾಲಿಗೆಯ ತುದಿಯಿಂದ ಆ ಕಬ್ಬಿಣದ ಚೂರು ತೆಗೆದವನು ಇವನೇ, ಪಕ್ಕಕ್ಕೆ ಉಗಿದು, ನಿನ್ನ ಕಣ್ಣು ಉಪ್ಪು ಕಣೋ ಅಂತ ನಕ್ಕವನು ಇವನೇ, ಆ ಕಣ್ಣಿನಿಂದಲೇ ಈಗ ಇವನ ನೆತ್ತಿಯನ್ನು ನೋಡುತ್ತಿದ್ದೇನೆ, ಅದೂ ನಿಜ, ವೈಸೂ ನಿಜ, ಎರಡನ್ನೂ ಎರಡು ಕಡೆ ಇಟ್ಟು ತೂಗಲು ನನಗೆ ಬರುವುದಿಲ್ಲ. ಅವನು ಸತ್ತರೆ ಅಕ್ಕ ಏನಾಗುತ್ತಾಳೆ, ಅದು ಮುಖ್ಯ, ಇಟ್ಟಿಗೆ ಎಣಿಸುತ್ತಿದ್ದ ಹುಡುಗಿ ಮನುಷ್ಯನನ್ನು ಎಣಿಸಿ ಕೊಂದವಳಾಗುತ್ತಾಳೆ, ಆಮೇಲೆ ಅವಳು ನನ್ನ ತಟ್ಟೆಗೆ ಬಡಿಸುವಾಗ ನಾನು ಅವಳ ಕೈ ನೋಡಬೇಕು. ನಾನು ಕೊಂದಿದ್ದರೆ ಸರಿಯಿತ್ತು. ನಾನೇ ಎದ್ದಿದ್ದರೆ, ಬೆಳಿಗ್ಗೆಯೇ, ಅವಳು ಕ್ಯಾನು ಮುಟ್ಟುವ ಮೊದಲೇ.

ಭಾವ, ಈಚೆ ಬನ್ನಿ — ಬಂತು, ನನ್ನದೇ ದನಿ, ಗಂಟಲಿನಿಂದ ಒದ್ದುಕೊಂಡು ಬಂತು — ಭಾವ, ಸ್ವಲ್ಪ ಈಚೆ ಬನ್ನಿ. ಅಕ್ಕ ನಿಂತಳು, ಆರನೆಯ ಕ್ಯಾನು ಅರ್ಧ ಬಗ್ಗಿದೆ. ಯಾಕೆ, ಅಂದ ಅವನು. ಒಂದೇ ಮಾತು ಸಾಕು, ಡೀಸೆಲ್ ಭಾರ ಭಾವ, ಅಷ್ಟು ಹೇಳಿದರೆ ಸಾಕು, ಹೇಳಿದರೆ ಅವನು ಈಚೆ ಬರುತ್ತಾನೆ, ಬಂದು ಕ್ಯಾನು ನೋಡುತ್ತಾನೆ, ಎಷ್ಟು ಖಾಲಿಯಾಗಿವೆ ಅಂತ ಲೆಕ್ಕ ಹಾಕುತ್ತಾನೆ, ದಡ್ಡನಲ್ಲ, ಅಕ್ಕನ ಮುಖ ನೋಡುತ್ತಾನೆ, ಅರ್ಥವಾಗುತ್ತದೆ, ಆಮೇಲೆ ಎರಡು ಬೆರಳಲ್ಲ, ಇಡೀ ಕೈ, ಕೈಯಲ್ಲ, ಅವಳ ತಲೆ. ಸುಮ್ನೆ, ಬನ್ನಿ ಭಾವ, ಅಂದೆ. ಸುಮ್ನೆ ಅಂತೆ ಸುಮ್ನೆ, ಬಾಯಿ ಮುಚ್ಕೊಂಡು ಕೂತ್ಕೊಳೋ ಮುಂಡೇದೆ, ಇನ್ನೆರಡು ಗುರುತು ಬಾಕಿ ಇದೆ, ನೀನ್ಯಾಕೆ ನಿಲ್ಲಿಸ್ದೆ, ಸುರಿಯೇ, ನಾನು ನಿಲ್ಲಿಸು ಅಂದ್ನಾ. ಸುರಿದಳು. ಆರು. ಬೆಳಕು ಮತ್ತೆ ಕಂಡಿತು, ಕಬ್ಬಿಣದ ಕೆಳಗೆ, ಟೈರಿನ ಮೇಲೆ, ಈ ಸಲ ಸ್ವಲ್ಪ ಹೊತ್ತು ನಿಂತಿತು, ನಾನು ಮೂಕಿಯ ತುತ್ತತುದಿಗೆ ಜರುಗಿದೆ, ಎರಡು ಕೈಯಲ್ಲೂ ಕೆಳಕ್ಕೆ ಎಳೆದು ಹಿಡಿದೆ, ಮೂಕಿಯನ್ನು ಹಿಡಿದು ಮೂಕಿಯನ್ನೇ ಕೆಳಗೆ ಎಳೆಯಲು ಆಗುತ್ತದೆಯೇ, ದಡ್ಡ, ಹೊಟ್ಟೆ ತುಂಬ ತಿಂದಿದ್ದರೆ ಆಗುತ್ತಿತ್ತು, ತಿನ್ನೋ ತಿನ್ನೋ ಅಂದಾಗ ತಿಂದಿದ್ದರೆ. ಜರುಗಿದ್ದಕ್ಕೆ ಬೆಳಕು ಮುಚ್ಚಿಕೊಂಡಿತು. ಬಾಲದ ಕಡೆ ಒಂದು ಪೈಪು ಸಣ್ಣಗೆ ಕಿರ್ರೆಂದಿತು, ಜನರೇಟರ್ ಒಂದು ಅಕ್ಕಿಕಾಳಿನಷ್ಟು ಹಿಂದೆ ಸರಿಯಿತು.

ಏಳನೆಯ ಕ್ಯಾನು ಅವಳ ಮೊಣಕೈಯ ಮೇಲಿದೆ. ಮುಚ್ಚಳ ತಿರುಗಿಸಿ ತೆಗೆದಳು, ಹಲ್ಲಿನಿಂದ, ಬೆರಳು ಆಗುವುದಿಲ್ಲವಲ್ಲ, ಮುಚ್ಚಳವನ್ನು ಪಕ್ಕಕ್ಕೆ ಉಗಿದಳು. ಕ್ಯಾನಿನ ಬಾಯಿ ಆಲಿಕೆಯ ಅಂಚಿಗೆ ತಾಗಿಸಿದಳು, ಸುರಿಯಲಿಲ್ಲ, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿಲ್ಲ, ನೀರಿಲ್ಲ, ಹುಚ್ಚೂ ಇಲ್ಲ, ಇನ್ನೊಂದು ತುತ್ತು ಹಾಕಲಾ ಅಂತ ಕೇಳುವಾಗ ಹೇಗೆ ನೋಡುತ್ತಾಳೋ ಹಾಗೆ, ನನ್ನನ್ನು ಕೇಳುತ್ತಿದ್ದಾಳೆ. ಬೇಡ ಅನ್ನಬೇಕು. ಬೇಡ ಅಕ್ಕ, ಅಷ್ಟೇ, ಅಂದರೆ ಅವಳು ಕ್ಯಾನು ಕೆಳಗಿಡುತ್ತಾಳೆ, ಖಂಡಿತ ಇಡುತ್ತಾಳೆ, ಮುಚ್ಚಳ ಹುಡುಕಿ ಹಾಕುತ್ತಾಳೆ, ಹನ್ನೊಂದಕ್ಕೆ ಕ್ವಾರಿಯವರು ಬರುತ್ತಾರೆ, ಇವನು ಸೀಮೆಸುಣ್ಣದ ಕೈ ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತು ನಗುತ್ತಾನೆ, ನಾಳೆ ಇದೆ, ನಾಡಿದ್ದು ಇದೆ, ಬೆಂಚು ಅಲ್ಲೇ ಇದೆ. ಸುರಿಯೇ ಕತ್ತೆ, ಎಷ್ಟೊತ್ತು — ಅವಳು ಆ ದನಿಯ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ಮೊನ್ನೆ ನಾನು ಸುಮ್ಮನಿದ್ದೆ. ಅದೇ ಬಾಯಿ, ಅದೇ ನಾಲಿಗೆ, ಮೊನ್ನೆ ಅವಳಿಗಾಗಿ ತೆರೆಯದ ಬಾಯಿಯನ್ನು ಇವತ್ತು ಅವನಿಗಾಗಿ ತೆರೆಯಬೇಕು. ಬೇ, ತುಟಿ ಸೇರಿಸಬೇಕು, ಬೇ ಅನ್ನಲು ತುಟಿ ಸೇರಿಸಿ ಬಿಡಬೇಕು, ಸೇರಿಸಿದ್ದೇನೆ, ಸೇರಿಯೇ ಇವೆ, ಬಿಡುತ್ತಿಲ್ಲ. ಅಕ್ಕ ಒಂದು ಸಲ ತಲೆಯಾಡಿಸಿದಳು, ನನ್ನ ಉತ್ತರ ಸಿಕ್ಕಿತು ಅನ್ನುವ ಹಾಗೆ. ಗುಳು. ಬೆಳಕು, ನೂಲಿನಷ್ಟು. ಗುಳು ಗುಳು. ಪಾದ ತಾಗುತ್ತಿಲ್ಲ, ಟೈರು ತನ್ನ ಪಾಡಿಗೆ ತಾನು ದುಂಡಗೆ ಕೂತಿದೆ, ಬೆಳಕು, ಹುರಿಯಷ್ಟು, ಕಬ್ಬಿಣದ ಕೆಳಗೆ, ಟೈರಿನ ಮೇಲೆ, ಏ ಕಡ್ಡಿ ಏನೋ ಇದು ಪಟ್ಟಿ — ಬೆಳಕು, ಹಗ್ಗದಷ್ಟು, ಅದರ ಆಚೆ ಅಂಗಳದ ಬಿಸಿಲು ಕಾಣುತ್ತದೆ, ಒಂದು ಕಲ್ಲು ಕಾಣುತ್ತದೆ, ಕಲ್ಲಿನ ನೆರಳು ಕಾಣುತ್ತದೆ, ಈ ಸಲ ಮುಚ್ಚಿಕೊಳ್ಳುತ್ತಿಲ್ಲ, ಕಬ್ಬಿಣದ ಕೆಳಗೆ, ಟೈರಿನ ಮೇಲೆ, ಬೆಳಕು, ಮುಚ್ಚಿಕೊಳ್ಳುತ್ತಿಲ್ಲ.